ಕಣದ ಲೇವಿ, ಪಟ್ಟಣದ ಪಡಿತರ

ಪಡಿತರವೆಂಬ ಮಾತು ಕನ್ನಡಕ್ಕೆ ಹೊಸದಲ್ಲ. ದೇವಸ್ಥಾನಗಳಲ್ಲಿ ನಿತ್ಯದ ನೈವೇದ್ಯಕ್ಕೂ ನಂದಾದೀಪಕ್ಕೂ ಇಂತಿಷ್ಟು ಅಕ್ಕಿ, ಇಂತಿಷ್ಟು ಬೇಳೆ, ಇಂತಿಷ್ಟು ಎಣ್ಣೆ ಎಂದು ಗೊತ್ತುಮಾಡಿ ಕೊಡುತ್ತಿದ್ದ ಸಾಮಗ್ರಿಗೆ ನಮ್ಮ ಹಿರಿಯರು ಪಡಿತರವೆಂದು ಹೆಸರಿಟ್ಟಿದ್ದರು. ಎರಡನೆಯ ಮಹಾಯುದ್ಧದ ದೆಸೆಯಿಂದ ದೇವರಿಗೆ ಸಲ್ಲುತ್ತಿದ್ದ ಈ ಏರ್ಪಾಡು ಮನುಷ್ಯರ ಅಡಿಗೆಯ ಮನೆಗೂ ಬಂದಿತು. ರೇಷನ್ ಎಂಬ ಪರಭಾಷೆಯ ಮಾತಿಗೆ ಸಮನಾದ ಮಾತನ್ನು ಹುಡುಕಿದವರು ಗುಡಿಯೊಳಗಿನ ಈ ಹಳೆಯ ಮಾತನ್ನೇ ಎತ್ತಿಕೊಂಡರು. ಪಡಿ ಎಂದರೆ ಅಳತೆ. ಅಳೆದು ಕೊಡುವುದೇ ಇದರ ತಿರುಳು.

ಆದರೆ ಕೇಳುಗರೆ, ಅಳೆದು ಕೊಡುವುದಕ್ಕೆ ಮೊದಲು ಅಳೆದು ತರಬೇಕಷ್ಟೆ? ಯುದ್ಧಕಾಲದ ಪಡಿತರವನ್ನು ನೆನೆದಾಗ ಪಟ್ಟಣಿಗರ ಕಣ್ಣ ಮುಂದೆ ಬರುವುದು ಅಂಗಡಿಯ ಎದುರಿನ ಸಾಲು, ಕೈಯಲ್ಲಿ ಮಡಿಸಿ ಹಿಡಿದ ಚೀಟಿ, ಕಲ್ಲು ಬೆರೆತ ಅಕ್ಕಿ. ಈ ನೆನಪು ಸುಳ್ಳಲ್ಲ. ಆದರೆ ಅದು ಕಥೆಯ ಕೊನೆಯ ಅಧ್ಯಾಯ. ಮೊದಲನೆಯ ಅಧ್ಯಾಯ ನಡೆದದ್ದು ಹಳ್ಳಿಯ ಕಣದಲ್ಲಿ. ಅದನ್ನು ತಿಳಿಯಬೇಕಾದರೆ ಪಟ್ಟಣವನ್ನು ಬಿಟ್ಟು ರಾಯಚೂರು ಜಿಲ್ಲೆಯ ದೇವದುರ್ಗದ ಸೀಮೆಗೆ, ಅಲ್ಲಿಯ ಅರಕೇರಾದಂಥ ಒಂದು ಊರಿಗೆ, ಮನಸ್ಸಿನಿಂದಲಾದರೂ ಹೋಗಿ ಬರಬೇಕು.

ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ನಾಡಿಗೆ ಶಾಸನಗಳಲ್ಲಿ ಎಡೆದೊರೆ ಎಂದು ಹೆಸರು. ಚಾಲುಕ್ಯರು, ಯಾದವರು, ವಿಜಯನಗರದವರು, ಬಹಮನಿಯವರು, ಬಿಜಾಪುರದವರು ಎಲ್ಲರೂ ಇದಕ್ಕಾಗಿ ಕಾದಾಡಿದರು. ಎರಡು ಮಹಾನದಿಗಳ ನಡುವೆ ಇದ್ದರೂ ಇಲ್ಲಿಯ ಒಕ್ಕಲಿಗನು ಶತಮಾನಗಳ ಕಾಲ ಮಳೆಯನ್ನೇ ನಂಬಿ ಬದುಕಿದನೆಂಬುದು ಈ ಸೀಮೆಯ ವಿಚಿತ್ರ. ನದಿಗಳು ಆಳದಲ್ಲಿ ಹರಿಯುತ್ತಿದ್ದವು. ಹೊಲಗಳು ಎತ್ತರದಲ್ಲಿ ಒಣಗುತ್ತಿದ್ದವು. ಎರೆಯ ಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳ, ಮಸಬಿನಲ್ಲಿ ಸಜ್ಜೆ, ನವಣೆ, ತೊಗರಿ. ಇವುಗಳ ಜೊತೆಗೆ ಹತ್ತಿ. ಮಳೆ ಬಂದ ವರ್ಷ ಜೋಳ ತೆನೆತೂಗುವುದು, ಬಾರದ ವರ್ಷ ಹೊಲ ಹಾಳುಬೀಳುವುದು.

ಇಂಥ ನಾಡಿನವರು ಸರ್ಕಾರದ ಆಜ್ಞೆಗಾಗಿ ಕಾಯದೆ ತಮ್ಮದೇ ಒಂದು ಪಡಿತರದ ಕ್ರಮವನ್ನು ಕಟ್ಟಿಕೊಂಡಿದ್ದರು. ಅದೇ ಹಗೇವು. ನೆಲದೊಳಗೆ ಆಳವಾದ ಗುಣಿ ತೋಡಿ, ಒಳಗೋಡೆಗೆ ಹುಲ್ಲನ್ನೊತ್ತಿ, ಜೋಳವನ್ನು ತುಂಬಿ, ಬಾಯಿಯನ್ನು ಕಲ್ಲುಮಣ್ಣುಗಳಿಂದ ಮುಚ್ಚಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಗೇವನ್ನು ತೆರೆದ ಕೂಡಲೆ ಒಳಗಿಳಿಯುವ ಹಾಗಿಲ್ಲ. ಒಳಗೆ ಕಟ್ಟಿದ ಕೆಟ್ಟ ಗಾಳಿ ಹೊರಟುಹೋಗುವ ತನಕ ಕಾಯಬೇಕು. ಒಂದು ಹಗೇವು ತುಂಬಿದ್ದರೆ ಒಂದು ಬರವನ್ನು ದಾಟಬಹುದೆಂಬ ಧೈರ್ಯ. ಹಾಗೆ ದಾಟಲಾಗದ ಬರಗಳೂ ಬಂದವು. 1791-92ರಲ್ಲಿ ದಖ್ಖಣವನ್ನು ಹೊಕ್ಕ ಬರದಲ್ಲಿ ಸತ್ತವರನ್ನು ಹೂಳುವವರೂ ಸುಡುವವರೂ ಇಲ್ಲದೆ ಬುರುಡೆಗಳು ಬಯಲಿನಲ್ಲಿ ಬಿದ್ದುದರಿಂದ ಅದಕ್ಕೆ ಡೋಗಿ ಬರವೆಂದೇ ಹೆಸರಾಯಿತು.

1876ರಿಂದ 78ರ ವರೆಗಿನ ಬರ ಮತ್ತೊಂದು. ಈ ಬರದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಯುದ್ಧಕಾಲದ ಪಡಿತರದ ಅಳತೆ ಅದನ್ನು ನೆನಪಿಗೆ ತರುತ್ತದೆ. ತುಂಗಭದ್ರೆಯ ಆಚೆಯ ಬಳ್ಳಾರಿಯು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಬರ ಪರಿಹಾರದ ಕೆಲಸದಲ್ಲಿ ವೆಚ್ಚವನ್ನು ತಗ್ಗಿಸಲೆಂದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು 1877ರಲ್ಲಿ ಒಂದು ಕೂಲಿಯನ್ನು ಗೊತ್ತುಮಾಡಿದನು: ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಅದರ ಮೇಲೆ ಒಂದು ಆಣೆ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಎಂಬಾತನು, ಇಷ್ಟರಿಂದ ದುಡಿಯುವವನ ಮೈ ನಿಲ್ಲದೆಂದು ಬಲವಾಗಿ ವಿರೋಧಿಸಿದನು. ಕೆಲವು ತಿಂಗಳಲ್ಲಿಯೇ ಆ ಕೂಲಿಯನ್ನು ಕೈಬಿಡಬೇಕಾಯಿತು. ಒಂದು ಪೌಂಡೆಂದರೆ ನಮ್ಮ ಎಂಬತ್ತು ತೊಲೆಯ ಸೇರಿನ ಅರ್ಧಕ್ಕೆ ಸ್ವಲ್ಪ ಕಡಿಮೆ. ಜೋಳದ ಹಿಟ್ಟಾದರೆ ನಾಲ್ಕೈದು ರೊಟ್ಟಿ. ಈ ಅಳತೆಯನ್ನು ನೆನಪಿನಲ್ಲಿಡಿ.

ಇನ್ನು ಯುದ್ಧಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಪಡಿತರ ಆರಂಭವಾದದ್ದು 1940ರ ಜನವರಿ 8ರಂದು. ಮೊದಲು ಹಂದಿಮಾಂಸ, ಬೆಣ್ಣೆ, ಸಕ್ಕರೆ. ಆಮೇಲೆ ಒಂದೊಂದಾಗಿ ಬೇರೆ ಪದಾರ್ಥಗಳು. ಮನೆಮನೆಗೂ ತಲೆಗೊಂದರಂತೆ ಪುಸ್ತಕ. ದೊಡ್ಡವರದಕ್ಕೆ ಒಂದು ಬಣ್ಣ, ಶಾಲೆಯ ಮಕ್ಕಳದಕ್ಕೆ ನೀಲಿ, ಬಸುರಿಯರಿಗೂ ಕೂಸುಗಳಿಗೂ ಹಸುರು. ಹಸುರು ಪುಸ್ತಕದವರಿಗೆ ಹಾಲು ಹಣ್ಣುಗಳಲ್ಲಿ ಮೊದಲ ಹಕ್ಕು. ರಾಜಮನೆತನದವರಿಗೂ ಪುಸ್ತಕಗಳಿದ್ದವು. ಹೊರಗಿನಿಂದ ಹಡಗಿನಲ್ಲಿ ಆಹಾರ ತರಿಸಿ ಬದುಕುತ್ತಿದ್ದ ಆ ದ್ವೀಪದಲ್ಲಿ, ಜಲಾಂತರ್ಗಾಮಿಗಳ ಹಾವಳಿಯ ನಡುವೆಯೂ, ಬಡವರ ಮಕ್ಕಳು ಹಿಂದಿಗಿಂತ ಚೆನ್ನಾಗಿ ಉಂಡರೆಂದು ಹೇಳುವುದುಂಟು. ಎಲ್ಲರಿಗೂ ಒಂದೇ ಕಟ್ಟಳೆ ಎಂಬ ನಂಬಿಕೆಯಿಂದ ಅಲ್ಲಿಯ ಜನ ಅದನ್ನು ಸಹಿಸಿದರು. ಯುದ್ಧ ಮುಗಿದ ಮೇಲೂ ಅದು ನಡೆದು, ಕೊನೆಗೆ ನಿಂತದ್ದು 1954ರ ಜುಲೈ 4ರಂದು.

ನಮ್ಮ ದೇಶಕ್ಕೆ ಯುದ್ಧದ ಬಿಸಿ ತಟ್ಟಿದ್ದು 1942ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಬರುತ್ತಿದ್ದ ಬರ್ಮಾದ ಅಕ್ಕಿ ಒಮ್ಮೆಗೇ ನಿಂತುಹೋಯಿತು. ಸೈನ್ಯಕ್ಕೆ ಧಾನ್ಯ ಬೇಕು, ರೈಲುಗಳು ಮದ್ದುಗುಂಡುಗಳನ್ನು ಹೊರಬೇಕು, ನೋಟುಗಳು ಹೆಚ್ಚಿ ರೂಪಾಯಿಯ ಬೆಲೆ ಕುಗ್ಗಬೇಕು. ವರ್ತಕನು ಧಾನ್ಯವನ್ನು ಕೂಡಿಹಾಕಿದನು. ಕೃಷ್ಣೆಯ ಉತ್ತರಕ್ಕಿರುವ ಬಿಜಾಪುರದಲ್ಲಿ 1942-43ರಲ್ಲಿ ಬರ ಬಿದ್ದಿತು. 1943ರಲ್ಲಿ ಬಂಗಾಳದ ಮಹಾಕ್ಷಾಮ. ಅದರಲ್ಲಿ ಸತ್ತವರು ಸುಮಾರು 15 ಲಕ್ಷವೆಂದು ವುಡ್‌ಹೆಡ್ ಆಯೋಗ ಹೇಳಿತು; ಆ ಮೇಲೆ ಲೆಕ್ಕಹಾಕಿದ ವಿದ್ವಾಂಸರು 20ರಿಂದ 30 ಲಕ್ಷದವರೆಗೂ ಎಣಿಸುತ್ತಾರೆ. ಕಲ್ಕತ್ತೆಯ ಕಾರ್ಖಾನೆಗಳವರಿಗೂ ನೌಕರರಿಗೂ ಧಾನ್ಯವನ್ನು ಹೇಗೋ ಒದಗಿಸಿದರು. ಸತ್ತವರಲ್ಲಿ ಬಹುಮಂದಿ ಹಳ್ಳಿಗರು, ನೆಲವಿಲ್ಲದ ಕೂಲಿಗಳು, ಬೆಸ್ತರು, ನೇಕಾರರು. ಅನ್ನವನ್ನು ಬೆಳೆಯುವ ಕಡೆಯವರೇ ಅನ್ನವಿಲ್ಲದೆ ಸತ್ತರೆಂಬುದನ್ನು ಗಮನಿಸಬೇಕು.

ಮುಂಬಯಿಯಲ್ಲಿ 1943ರ ಮೇ 2ರಂದು ಪಡಿತರ ಜಾರಿಗೆ ಬಂದಿತು. ಅದೇ ವರ್ಷ ಸರ್ ಥಿಯೊಡೋರ್ ಗ್ರೆಗರಿಯವರ ಅಧ್ಯಕ್ಷತೆಯ ಸಮಿತಿಯು, ಲಕ್ಷ ಜನಸಂಖ್ಯೆಯನ್ನು ಮೀರಿದ ಎಲ್ಲ ನಗರಗಳಿಗೂ ಪಡಿತರ ಬೇಕೆಂದೂ, ಪ್ರಾಪ್ತವಯಸ್ಕನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಲ್ಲಬೇಕೆಂದೂ ಸಲಹೆ ಮಾಡಿತು. 1877ರಲ್ಲಿ ದುಡಿಯುವವನಿಗೆ ಸಾಲದೆಂದು ವೈದ್ಯನೊಬ್ಬನು ಹೋರಾಡಿದ ಅಳತೆಯು ಅರುವತ್ತಾರು ವರ್ಷಗಳ ಮೇಲೆ ಪಟ್ಟಣಿಗನ ಹಕ್ಕಿನ ಅಳತೆಯಾಯಿತು. 1946ರಲ್ಲಿ ಮಳೆ ಕೈಕೊಟ್ಟು ಧಾನ್ಯ ಇನ್ನೂ ಕಡಿಮೆಯಾದಾಗ ಅದನ್ನೂ ಹನ್ನೆರಡು ಔನ್ಸಿಗೆ, ಎಂದರೆ ಸುಮಾರು ಇಪ್ಪತ್ತೊಂಬತ್ತು ತೊಲೆಗೆ, ಇಳಿಸಿದರು. 1947ರ ಹೊತ್ತಿಗೆ ಒಂದಲ್ಲ ಒಂದು ಬಗೆಯ ಪಡಿತರಕ್ಕೆ ಒಳಪಟ್ಟವರು ದೇಶದಲ್ಲಿ ಸುಮಾರು 14 ಕೋಟಿ.

ಚೀಟಿಯ ಕ್ರಮವನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಮನೆಯ ಯಜಮಾನನ ಹೆಸರು, ದೊಡ್ಡವರೆಷ್ಟು ಮಕ್ಕಳೆಷ್ಟು ಎಂಬ ಎಣಿಕೆ, ದೊಡ್ಡವರಿಗೆ ಪೂರ್ತಿ ಮಕ್ಕಳಿಗೆ ಅರ್ಧವೆಂಬ ಪ್ರಮಾಣ, ನೇಮಿಸಿದ ಒಂದೇ ಅಂಗಡಿ. ಹುಟ್ಟಿದರೆ ಬರೆಯಿಸಬೇಕು, ಸತ್ತರೆ ತೆಗೆಯಿಸಬೇಕು. ಅಕ್ಕಿಯುಂಡು ಬೆಳೆದವರಿಗೆ ಗೋಧಿ ಬಂದಿತು. ಅಮೆರಿಕೆಯಿಂದ ಬಂದ ಮೈಲೋ ಎಂಬ ಕೆಂಪು ಜೋಳವನ್ನು ಬೇಯಿಸುವ ಬಗೆ ತಿಳಿಯದೆ ಗೃಹಿಣಿಯರು ಕಷ್ಟಪಟ್ಟರು. ಸೀಮೆಎಣ್ಣೆಗೆ ಚೀಟಿ, ಸಕ್ಕರೆಗೆ ಚೀಟಿ. 1943ರಿಂದ ಬಟ್ಟೆಗೂ ನಿಯಂತ್ರಣ. ಬೈದರೂ ಬಿಟ್ಟರೂ, ಪಟ್ಟಣದಲ್ಲಿದ್ದ ಬಡ ಗುಮಾಸ್ತನೂ ಗಿರಣಿಯ ಕೂಲಿಯೂ ಆ ಚೀಟಿಯಿಂದಲೇ ಬದುಕಿಕೊಂಡರೆಂಬುದನ್ನು ಒಪ್ಪಬೇಕು.

ಈ ಪಟ್ಟಣಗಳಿಗೆ ಧಾನ್ಯ ಎಲ್ಲಿಂದ ಬಂದಿತು? ಇಲ್ಲಿ ನಾವು ಅರಕೇರಾದ ಸೀಮೆಗೆ ಮರಳಬೇಕು.

ರಾಯಚೂರು, ಗುಲ್ಬರ್ಗಾ, ಬೀದರು ಈ ಮೂರು ಕನ್ನಡ ಜಿಲ್ಲೆಗಳು ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಕಚೇರಿಯ ಭಾಷೆ ಉರ್ದು, ವರ್ಷದ ಲೆಕ್ಕ ಫಸಲಿ, ಚಲಾವಣೆಯಲ್ಲಿದ್ದುದು ಸಂಸ್ಥಾನದ್ದೇ ಆದ ಹಾಲಿ ಸಿಕ್ಕಾ ರೂಪಾಯಿ. ಯುದ್ಧಕಾಲದಲ್ಲಿ ಸಂಸ್ಥಾನವು ಒಕ್ಕಲಿಗರಿಂದ ಧಾನ್ಯವನ್ನು ಕಡ್ಡಾಯವಾಗಿ ಕೊಳ್ಳುವ ಲೇವಿಯ ಪದ್ಧತಿಯನ್ನು ತಂದಿತು. ಕೊಂಡ ಧಾನ್ಯವನ್ನು ಸಾಗಿಸಿ ಹಂಚುವ ವ್ಯಾಪಾರಕ್ಕೆ ಹೈದರಾಬಾದ್ ಕಮರ್ಷಿಯಲ್ ಕಾರ್ಪೊರೇಷನ್ ಎಂಬ ಸಂಸ್ಥೆ ಹುಟ್ಟಿತು. ರೈತನು ಸಾಹುಕಾರನ ಬಾಯಿಗೆ ಬೀಳದಿರಲೆಂದು ಸಹಕಾರದ ಧಾನ್ಯದ ಬ್ಯಾಂಕುಗಳನ್ನೂ ಏರ್ಪಡಿಸಿದರು. ಉದ್ದೇಶವನ್ನು ದೂರುವಂತಿಲ್ಲ. ಬಂಗಾಳದಲ್ಲಿ ನಡೆದುದು ದಖ್ಖಣದಲ್ಲಿ ನಡೆಯಬಾರದೆಂದರೆ, ಮಿಕ್ಕಿದ್ದವರಿಂದ ತೆಗೆದು ಇಲ್ಲದವರಿಗೆ ಕೊಡಲೇಬೇಕಾಗಿತ್ತು.

ಮಿಕ್ಕಿದ್ದವರು ಯಾರೆಂಬುದನ್ನು ಗೊತ್ತುಮಾಡುವವರು ಯಾರು? ಪ್ರಶ್ನೆಯೆಲ್ಲ ಅಲ್ಲಿಯೇ ಇದ್ದಿತು. ಊರಿನಲ್ಲಿ ಕಂದಾಯ ವಸೂಲಿಗೆ ಮಾಲಿ ಪಾಟೀಲ, ಬಂದೋಬಸ್ತಿಗೆ ಪೊಲೀಸ್ ಪಾಟೀಲ, ಲೆಕ್ಕಕ್ಕೆ ಪಟವಾರಿ ಎಂಬ ಕುಲಕರ್ಣಿ. ಇವು ವಂಶಪಾರಂಪರ್ಯದ ವತನಗಳು. ಯಾವ ಹೊಲದಲ್ಲಿ ಯಾವ ಬೆಳೆ ಎಷ್ಟು ಎಕರೆ ಎಂಬುದು ಪಟವಾರಿಯ ಪಹಣಿಯಲ್ಲಿ ಹೇಗೆ ಬರೆದಿದೆಯೋ ಹಾಗೆ. ಅವನ ಮೇಲೆ ಗಿರ್ದಾವರ, ತಹಸೀಲ್ದಾರ, ಜಿಲ್ಲೆಗೆ ತಾಲ್ಲೂಕದಾರ. ಕಚೇರಿಯವರು ಉರ್ದುವಿನಲ್ಲಿ ಬರೆದದ್ದನ್ನು ಓದಲಾರದ ಕನ್ನಡದ ಒಕ್ಕಲಿಗನು, ತನ್ನ ಹೆಸರಿಗೆ ಎಷ್ಟು ಬಿದ್ದಿದೆಯೆಂಬುದನ್ನೂ ಬೇರೆಯವರ ಬಾಯಿಂದಲೇ ಕೇಳಬೇಕು.

ಒಂದು ಊಹೆಯ ಲೆಕ್ಕದಿಂದ ವಿಷಯ ಸ್ಪಷ್ಟವಾದೀತು. ಎಂಟು ಎಕರೆ ಎರೆಯ ಹೊಲದ ಒಬ್ಬ ಒಕ್ಕಲಿಗ, ಮನೆಯಲ್ಲಿ ಆರು ಮಂದಿ ಎಂದಿಟ್ಟುಕೊಳ್ಳೋಣ. ಹದವಾದ ಮಳೆಯ ವರ್ಷ ಹದಿನೈದು ಪಲ್ಲ ಜೋಳವಾಯಿತು. ಪಲ್ಲಕ್ಕೆ ನೂರಿಪ್ಪತ್ತು ಸೇರು. ತಲೆಗೆ ಅರ್ಧ ಸೇರಿನಂತೆ ದಿನಕ್ಕೆ ಮೂರು ಸೇರು. ವರ್ಷದ ಊಟಕ್ಕೇ ಒಂಬತ್ತು ಪಲ್ಲ. ಬೀಜಕ್ಕೆ, ಬಡಿಗ ಕಮ್ಮಾರ ಮೊದಲಾದ ಆಯಗಾರರಿಗೆ, ಕೊಯ್ಲಿನ ಆಳುಗಳಿಗೆ ಒಟ್ಟು ಮೂರು ಪಲ್ಲ. ಉಳಿದದ್ದು ಮೂರು. ಅದರಲ್ಲಿ ಲೇವಿಗೆಂದು ಎರಡು ಪಲ್ಲ ಹೋದರೂ ಅವನು ತಾಳಿಕೊಂಡಾನು. ಮರುವರ್ಷ ಮಳೆ ಕೈಕೊಟ್ಟಿತು, ಒಂಬತ್ತೇ ಪಲ್ಲವಾಯಿತು. ಬೀಜ, ಆಯ, ಕೂಲಿಗೆ ಎರಡು ಹೋಗುತ್ತದೆ. ಲೇವಿಯನ್ನು ರಾಶಿ ನೋಡಿ ಹಾಕದೆ ಎಕರೆ ನೋಡಿ ಹಾಕಿದ್ದರೆ ಅದು ತಗ್ಗುವುದಿಲ್ಲ. ಎರಡು ಪಲ್ಲ ಹೋಗಲೇಬೇಕು. ಉಳಿದ ಐದು ಪಲ್ಲ ಮನೆಯವರಿಗೆ ಆರೂವರೆ ತಿಂಗಳು ಸಾಕಾದೀತು. ಆಮೇಲೆ? ನಿಯಮಬದ್ಧವಾದ ಪಡಿತರವು ಮುಖ್ಯವಾಗಿ ಪಟ್ಟಣಗಳಿಗೆ ಗೊತ್ತಾದದ್ದು. ಸರ್ಕಾರದ ದರಕ್ಕೆ ಕಾಳನ್ನು ಅಳೆದುಕೊಟ್ಟ ಅದೇ ಕೈ, ಮಳೆಗಾಲದ ಮೊದಲಿಗೆ ಕಳ್ಳಸಂತೆಯ ದರಕ್ಕೆ ಕಾಳನ್ನು ಕೊಳ್ಳಬೇಕು. ಇಲ್ಲವೆ ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು.

ನೂರಾರು ಎಕರೆಯ ಒಡೆಯನ ಕಥೆಯೇ ಬೇರೆ. ಅವನ ಮನೆಯವರ ಊಟಕ್ಕೆ ರಾಶಿಯ ಒಂದು ಮೂಲೆ ಸಾಕು. ಕಾಯುವ ಶಕ್ತಿ ಅವನಿಗುಂಟು. ಲೆಕ್ಕ ಬರೆಯುವವರೊಡನೆ ಬಳಕೆಯುಂಟು. ಅನೇಕ ವೇಳೆ ಲೆಕ್ಕ ಬರೆಯುವವನೂ ಅವನ ಮನೆಯವನೇ. ಸಂಸ್ಥಾನದ ತೆಲಂಗಾಣ ಭಾಗದ ಚರಿತ್ರೆಯನ್ನು ಬರೆದ ಹಲವರು ಹೇಳುವುದೇನೆಂದರೆ, ದೇಶಮುಖರೂ ದೊಡ್ಡ ಭೂಮಾಲೀಕರೂ ಲೇವಿಯಿಂದ ಬಹುಮಟ್ಟಿಗೆ ತಪ್ಪಿಸಿಕೊಂಡು ಧಾನ್ಯವನ್ನು ಕಳ್ಳಸಂತೆಯಲ್ಲಿ ಮಾರಿದರು. ಭಾರವೆಲ್ಲ ಸಣ್ಣ ಹಿಡುವಳಿಯವರ ಮೇಲೆ ಬಿದ್ದಿತು. ಹಗೇವಿನ ಅರ್ಥವೂ ಆಗ ಬದಲಾಯಿತು. ಬರವನ್ನು ದಾಟಲೆಂದು ತೋಡಿದ ಗುಣಿಯು ಬಡವನ ಪಾಲಿಗೆ ಜಪ್ತಿಯ ಹೆದರಿಕೆಯಾಯಿತು. ಬಲ್ಲಿದನ ಪಾಲಿಗೆ ಬೆಲೆ ಏರುವ ತನಕ ಕಾಳನ್ನು ಬಚ್ಚಿಡುವ ಉಗ್ರಾಣವಾಯಿತು.

ಸಂಸ್ಥಾನಗಳಲ್ಲೆಲ್ಲ ಹೀಗೆಯೇ ನಡೆಯಬೇಕೆಂದು ವಿಧಿಯೇನೂ ಇರಲಿಲ್ಲ. ಬರ್ಮಾದ ಅಕ್ಕಿಯನ್ನೇ ನಂಬಿದ್ದ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳಲ್ಲಿ ಪಟ್ಟಣವೆಂದೂ ಹಳ್ಳಿಯೆಂದೂ ಭೇದವಿಲ್ಲದೆ ಪಡಿತರವನ್ನು ಹಬ್ಬಿಸಿದರು. ಒಕ್ಕಲಿಗನೂ ಕೂಲಿಯೂ ಚೀಟಿಯನ್ನು ಹಿಡಿದರು. ಕೊಡುವವನಿಗೇ ಪಡೆಯುವ ಹಕ್ಕೂ ಇದ್ದರೆ ಕೊಡುವುದು ಅಷ್ಟು ಭಾರವಾಗುವುದಿಲ್ಲ.

ಅನ್ಯಾಯದ ಫಲ ಬೇಗನೆ ಕಂಡಿತು. ತೆಲಂಗಾಣದಲ್ಲಿ ಆಂಧ್ರ ಮಹಾಸಭೆಯವರು ವೆಟ್ಟಿಯ ಜೊತೆಗೆ ಲೇವಿಯನ್ನೂ ವಿರೋಧಿಸಿ ಜನರನ್ನು ಕೂಡಿಸಿದರು. 1946ರ ಜುಲೈಯಲ್ಲಿ ಕಡವೆಂಡಿ ಎಂಬ ಹಳ್ಳಿಯಲ್ಲಿ ದೊಡ್ಡಿ ಕೊಮರಯ್ಯನೆಂಬವನು ಗುಂಡಿಗೆ ಬಲಿಯಾದ ಮೇಲೆ ರೈತರ ಹೋರಾಟವು ಶಸ್ತ್ರವನ್ನು ಹಿಡಿಯುವ ಮಟ್ಟಕ್ಕೆ ಮುಟ್ಟಿತು. ಕನ್ನಡ ಜಿಲ್ಲೆಗಳಲ್ಲಿ ದಾರಿ ಬೇರೆಯಾಯಿತು. 1947ರ ಆಗಸ್ಟ್ 7ರಂದು ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದಲ್ಲಿ ಸ್ಟೇಟ್ ಕಾಂಗ್ರೆಸ್ಸು, ಸಂಸ್ಥಾನವು ಭಾರತ ಒಕ್ಕೂಟಕ್ಕೆ ಸೇರಬೇಕೆಂದು ಚಳುವಳಿಯನ್ನು ಹೂಡಿತು. ಸುಂಕದ ನಾಕೆಗಳನ್ನು ಧಿಕ್ಕರಿಸುವುದು, ಈಚಲು ಮರಗಳನ್ನು ಕಡಿಯುವುದು, ಲೇವಿಯನ್ನು ಕೊಡದಿರುವುದು ಅದರ ಕಾರ್ಯಕ್ರಮದಲ್ಲಿ ಸೇರಿದ್ದವು. ಒಕ್ಕೂಟವೆಂಬ ಮಾತು ದೂರದ ರಾಜಕಾರಣವಾಗಿ ಕಂಡವನಿಗೂ ಲೇವಿಯೆಂಬ ಮಾತು ತನ್ನ ಕಣದ್ದಾಗಿತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಸರ್ಕಾರ ಶರಣಾಗತವಾಯಿತು. ಆ ಆಳ್ವಿಕೆಯ ಕೊನೆಗೆ ಕಾರಣಗಳು ಹಲವು. ಅವುಗಳಲ್ಲಿ ಈ ಜೋಳದ ಲೆಕ್ಕವೂ ಒಂದೆಂಬುದನ್ನು ಮರೆಯಬಾರದು.

ನಿಯಂತ್ರಣವನ್ನೇ ತೆಗೆದುಬಿಟ್ಟರೆ ಸರಿಹೋಗುತ್ತಿತ್ತೆ? ಆ ಪ್ರಯೋಗವೂ ನಡೆಯಿತು. ನಿಯಂತ್ರಣವು ಮೋಸವನ್ನು ಬೆಳೆಸುತ್ತದೆಂದು ಗಾಂಧಿಯವರು ಬಲವಾಗಿ ನುಡಿದ ಮೇಲೆ, 1947ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ಅದನ್ನು ಸಡಿಲಿಸತೊಡಗಿತು. ಬೆಲೆಗಳು ಏರಿದುವು, 1948ರ ಸೆಪ್ಟೆಂಬರಿನಲ್ಲಿ ಮತ್ತೆ ನಿಯಂತ್ರಣವನ್ನು ಹೇರಬೇಕಾಯಿತು. ಗಾಂಧಿಯವರು ಕಂಡ ಮೋಸವೂ ನಿಜ, ಬೆಲೆಯ ಏರಿಕೆಯೂ ನಿಜ. ಕೊರತೆಯ ಕಾಲದಲ್ಲಿ ಅಳತೆಯಿಲ್ಲದಿದ್ದರೆ ಹಣವಿದ್ದವನು ಉಣ್ಣುತ್ತಾನೆ; ಅಳತೆಯಿದ್ದು ಅಳೆಯುವ ಕೈ ವಕ್ರವಾಗಿದ್ದರೆ ಬಲವಿದ್ದವನು ಉಣ್ಣುತ್ತಾನೆ.

ಈ ಸೀಮೆಗೆ ಬೇಕಾಗಿದ್ದ ನಿಜವಾದ ಪರಿಹಾರದ ಬೀಜವನ್ನೂ ಯುದ್ಧದ ಕಾಲದಲ್ಲಿಯೇ ಬಿತ್ತಿದರೆಂಬುದು ಸಮಾಧಾನದ ಮಾತು. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಒಂದು ದಡದಲ್ಲಿ ಹೈದರಾಬಾದಿನ ಬೀರಾರಿನ ಯುವರಾಜರೂ ಇನ್ನೊಂದು ದಡದಲ್ಲಿ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪರೂ ಶಂಕುಸ್ಥಾಪನೆ ಮಾಡಿದರು. 1953ರಲ್ಲಿ ಕಾಲುವೆಗೆ ನೀರು ಬಂದಿತು. ಮಾನ್ವಿಯ ಕಡೆಯ ಹೊಲಗಳು ಹಸುರಾದವು. ದೇವದುರ್ಗದ ಸೀಮೆ ಇನ್ನೂ ಬಹುಕಾಲ ಕಾಯಬೇಕಾಯಿತು. ಅಲ್ಲಿಗೆ ನೀರು ಬಂದದ್ದು ಕೃಷ್ಣೆಯ ನಾರಾಯಣಪುರದ ಬಲದಂಡೆ ಕಾಲುವೆಯಿಂದ.

ಪಡಿತರವೂ ರೂಪ ಬದಲಿಸಿತು. 1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು. ಕಡ್ಡಾಯದ ಲೇವಿಯ ಸ್ಥಾನಕ್ಕೆ ಮೊದಲೇ ಸಾರಿದ ಬೆಂಬಲ ಬೆಲೆಗೆ ಕೊಳ್ಳುವ ಕ್ರಮ ಬಂದಿತು. 2013ರ ಆಹಾರ ಭದ್ರತಾ ಕಾನೂನು ತಲೆಗೆ ತಿಂಗಳಿಗೆ ಐದು ಕಿಲೋ ಧಾನ್ಯವನ್ನು ಹಕ್ಕಾಗಿ ಮಾಡಿತು. ದಿನಕ್ಕೆ ಲೆಕ್ಕಹಾಕಿದರೆ ಇದು ಆ ಒಂದು ಪೌಂಡಿನ ಅರ್ಧಕ್ಕೂ ಕಡಿಮೆ. ಆದರೆ ಈ ಚೀಟಿಯನ್ನು ಅರಕೇರಾದ ಸಣ್ಣ ಒಕ್ಕಲಿಗನೂ ಅವನ ಹೊಲದ ಕೂಲಿಯೂ ಹಿಡಿಯುತ್ತಾರೆ. 1943ರಲ್ಲಿ ಇಲ್ಲದಿದ್ದುದು ಇದೇ.

ನಮ್ಮ ಕಣಗಳಲ್ಲಿ ರಾಶಿಯನ್ನು ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಯುದ್ಧದ ಆ ವರ್ಷಗಳಲ್ಲಿ ಸಣ್ಣ ಹಿಡುವಳಿಯವನೂ ಹಾಗೆಂದೇ ಅಳೆದಿರಬೇಕು, ಆ ಲಾಭ ತನ್ನ ಮನೆಗಲ್ಲವೆಂದು ತಿಳಿದೂ. ಮುಂದೆ ಎಂದಾದರೂ ಕೊರತೆಯ ಕಾಲ ಬಂದು, ಪಟ್ಟಣಿಗರಾದ ನಾವು ಸಾಲಿನಲ್ಲಿ ನಿಂತು ಚೀಟಿಗೆ ಎಷ್ಟು ಸಿಕ್ಕೀತೆಂದು ಕೇಳುವ ಪ್ರಸಂಗವೊದಗಿದರೆ, ಅದರ ಜೊತೆಗೆ ಇನ್ನೊಂದು ಮಾತನ್ನೂ ಕೇಳೋಣ: ಇದು ಯಾರ ರಾಶಿಯಿಂದ ಬಂದಿತು, ಅವರ ಮನೆಯಲ್ಲಿ ಉಳಿದದ್ದೆಷ್ಟು?